ದಿನಕ್ಕೆ ಮೂವತ್ತು ಕುರ್ಚಿ

ಹಳೆಯ ಕುರ್ಚಿಗಳನ್ನು ರಿಪೇರಿ ಮಾಡುವುದನ್ನೇ ಒಂದು ಉದ್ಯೋಗ ಮಾಡಿಕೊಳ್ಳಬಹುದು ಎಂದು ಮೊದಲು ಹೊಳೆದದ್ದು ಅವಳಿಗಲ್ಲ, ಅವಳ ಅತ್ತಿಗೆಗೆ. ಅವಳು ಅತ್ತಿಗೆಯ ಹಿಂದೆ ಸ್ಪ್ಯಾನರ್ ಹಿಡಿದುಕೊಂಡು ಹೋದವಳು, ಅಷ್ಟೆ. ಆಗ ಅವಳಿಗೆ ಇಪ್ಪತ್ತನಾಲ್ಕು. ಈಗ ಆ ಬೀದಿಯಲ್ಲಿ ಯಾರನ್ನು ಕೇಳಿದರೂ, "ಕುರ್ಚಿಯವಳ ಶೆಡ್ಡಾ? ಟೈರ್ ಅಂಗಡಿ ದಾಟಿದ್ಮೇಲೆ ಎಡಕ್ಕೆ" ಎಂದು ಬೆರಳು ತೋರಿಸುತ್ತಾರೆ.

ಅತ್ತಿಗೆ ಒಂದು ವಿಮಾ ಕಚೇರಿಯಲ್ಲಿ, ಬಂದವರನ್ನು ಮಾತಾಡಿಸಿ ಕೂರಿಸುವ ಕೆಲಸದಲ್ಲಿದ್ದಳು. ಆ ಕಚೇರಿಯವರು ವರ್ಷಕ್ಕೊಮ್ಮೆ ಇಪ್ಪತ್ತು ಹಳೆಯ ತಿರುಗುವ ಕುರ್ಚಿಗಳನ್ನು ತಂದು ಮೆಟ್ಟಿಲಿನ ಕೆಳಗೆ ಒಟ್ಟುತ್ತಿದ್ದರು. ಒಂದಕ್ಕೆ ಚಕ್ರ ಹೋಗಿರುತ್ತಿತ್ತು, ಇನ್ನೊಂದರ ಫೋಮ್ ಕುಸಿದಿರುತ್ತಿತ್ತು, ಉಳಿದಂತೆ ಎಲ್ಲವೂ ಗಟ್ಟಿಮುಟ್ಟು. ಒಂದು ಸಂಜೆ ಅತ್ತಿಗೆ ಮ್ಯಾನೇಜರನ್ನು ಕೇಳಿ ಎರಡು ಕುರ್ಚಿಗಳನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದಳು.

"ಏ ಹುಡುಗಿ, ಕೈಗೆ ಸಿಕ್ಕಿದ್ದೆಲ್ಲಾ ಬಿಚ್ತೀಯಲ್ಲ, ತಗೋ ಇದನ್ನ ಬಿಚ್ಚು. ಗೋಡೆ ಗಡಿಯಾರಕ್ಕಾದ್ರೂ ಸ್ವಲ್ಪ ಉಸಿರಾಡೋಕೆ ಬಿಡು."

ಬಿಚ್ಚುವ ಚಾಳಿ ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಫಿಟ್ಟರ್ ತರಬೇತಿ ಮುಗಿಸಿ, ಒಂದು ಬೀಗದ ಅಂಗಡಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದಳು. ಎರಡೂ ಕುರ್ಚಿಗಳನ್ನು ಆ ವಾರವೇ ಸರಿಮಾಡಿದಳು. ಮ್ಯಾನೇಜರು ಕೂತು ನೋಡಿದರು, ಎರಡು ಸುತ್ತು ತಿರುಗಿದರು, ಮೆಟ್ಟಿಲ ಕೆಳಗಿದ್ದ ಉಳಿದ ಹದಿನೆಂಟನ್ನೂ ಕಳಿಸಿಬಿಟ್ಟರು.

ಅಲ್ಲಿಂದ ಶುರು. ಅತ್ತಿಗೆಯದು ಬಾಯಿ, ಅವಳದು ಕೈ. ಅತ್ತಿಗೆ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಕಚೇರಿಯಿಂದ ಕಚೇರಿಗೆ ಅಲೆದು ಮುರಿದ ಕುರ್ಚಿಗಳನ್ನು ಹುಡುಕಿ ತರುತ್ತಿದ್ದಳು. ಅವಳು ಹಜಾರದ ತುಂಬ ನಟ್ಟು ಬೋಲ್ಟು ಹರಡಿಕೊಂಡು ಕೂತಿರುತ್ತಿದ್ದಳು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಅಣ್ಣ ಮನೆಗೆ ಬಂದರೆ ಕೂರುವುದಕ್ಕೆ ಜಾಗವಿರುತ್ತಿರಲಿಲ್ಲ. "ಮನೇಲಿ ಮೂವತ್ತೆಂಟು ಕುರ್ಚಿ, ಕೂತ್ಕೊಳ್ಳೋದು ಮಾತ್ರ ನೆಲದ ಮೇಲೆ" ಎಂದು ಗೊಣಗುತ್ತ ತಟ್ಟೆ ಹಿಡಿದುಕೊಂಡು ಬಾಗಿಲ ಬಳಿ ಹೋಗುತ್ತಿದ್ದ. ಅತ್ತಿಗೆ ಅವನ ಹಿಂದೆಯೇ ನೀರಿನ ಲೋಟ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು.

ಉದ್ಯಮವನ್ನು ನೋಂದಾಯಿಸಿದ ದಿನ ಅತ್ತಿಗೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು, ಹಸಿರು ಮಾರ್ಕರಿನಲ್ಲಿ ಐದು ಸಾಲು ಬರೆದು ಗೋಡೆಗೆ ಅಂಟಿಸಿದಳು. ಮನೆಯ ಹೊರಗೆ ಸ್ವಂತ ಜಾಗ. ಒಂದು ಶಾಲೆಯದೋ ಆಸ್ಪತ್ರೆಯದೋ ಕಾಯಂ ಕೆಲಸ. ಕೆಲಸಕ್ಕೆ ಇಬ್ಬರು. ಒಂದು ಸ್ವಂತ ಗಾಡಿ. ದಿನಕ್ಕೆ ಮೂವತ್ತು ಕುರ್ಚಿ. ಅಕ್ಷರಗಳು ಗುಂಡಗೆ, ಸ್ವಲ್ಪ ಬಲಕ್ಕೆ ಏರುತ್ತ ಹೋಗಿದ್ದವು.

"ಇಷ್ಟೂ ಆಗುತ್ತಾ ಅತ್ತಿಗೆ?"

"ಆಗುತ್ತೋ ಇಲ್ವೋ ಆಮೇಲಿನ ಮಾತು. ಗೋಡೆ ಮೇಲೆ ಇದ್ರೆ ನಾಚಿಕೆಗಾದ್ರೂ ಮಾಡ್ತೀವಿ."

ಎರಡು ವರ್ಷದೊಳಗೆ ಮೊದಲ ಎರಡು ಸಾಲುಗಳ ಎದುರು ಗುರುತು ಬಿತ್ತು. ಟೈರ್ ಅಂಗಡಿಯ ಆಚೆ ತಗಡಿನ ಶೆಡ್ಡು ಬಾಡಿಗೆಗೆ ಸಿಕ್ಕಿತು. ಒಂದು ಶಾಲೆ ತನ್ನ ಕಚೇರಿಯ, ಶಿಕ್ಷಕರ ಕೋಣೆಯ ಕುರ್ಚಿಗಳನ್ನೆಲ್ಲ ಅವರಿಗೇ ಒಪ್ಪಿಸಿತು. ಹಾಳೆಯನ್ನು ಮನೆಯ ಗೋಡೆಯಿಂದ ಬಿಡಿಸಿ ಶೆಡ್ಡಿನ ಗೋಡೆಗೆ ಅಂಟಿಸಿದರು. ಅದಾದ ಮೂರನೆಯ ತಿಂಗಳಿಗೆ ಜ್ವರ ಎಂದು ಮಲಗಿದ ಅತ್ತಿಗೆ ಹನ್ನೊಂದನೆಯ ದಿನ ತೀರಿಕೊಂಡಳು. ಮೂವತ್ತೆರಡು ವರ್ಷ.

ನಾಲ್ಕನೆಯ ದಿನ ಅವಳು ಶೆಡ್ಡಿನ ಬಾಗಿಲು ತೆಗೆದಳು. ಶಾಲೆಯ ನಲವತ್ತು ಕುರ್ಚಿಗಳು ಒಳಗಿದ್ದವು, ಸೋಮವಾರ ಕೊಡುತ್ತೇವೆಂದು ಅತ್ತಿಗೆ ಮಾತು ಕೊಟ್ಟಿದ್ದಳು. ಸೋಮವಾರ ಕೊಟ್ಟಳು. ಬೀದಿಯವರು "ಗಟ್ಟಿಗಿತ್ತಿ" ಅಂದರು. ಮುಖ್ಯೋಪಾಧ್ಯಾಯಿನಿ ಅವಳ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ಅವಳು ಆ ಕೈಗಳನ್ನು ನೋಡುತ್ತ ನಿಂತಿದ್ದಳು. ಅಳು ಬರಲಿಲ್ಲ. ಮಲಗಿದಾಗ ಮೈ ಕೆಳಗೆ ಸಿಕ್ಕಿ ಜೋಮು ಹಿಡಿದ ತೋಳು ಇರುತ್ತದಲ್ಲ, ನಮ್ಮದೇ ಹೌದು, ಮುಟ್ಟಿದರೆ ಯಾರದೋ ಅನ್ನಿಸುತ್ತದೆ. ಅವಳಿಗೆ ಇಡೀ ಮೈ ಹಾಗಿತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಳು. ಮಲಗಿದರೆ ನಿದ್ದೆ ಬರುತ್ತಿತ್ತು. ಕನಸೂ ಬೀಳುತ್ತಿರಲಿಲ್ಲ.

ಮನೆಯಲ್ಲಿ ಉಳಿದವರು ಅವಳು ಮತ್ತು ಅಣ್ಣ. ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡದ ಬಾಡಿಗೆದಾರರಂತೆ ಇದ್ದರು. "ಗ್ಯಾಸ್ ಬುಕ್ ಮಾಡಿದ್ಯಾ?" "ಮಾಡಿದೀನಿ." "ನಾಳೆ ನಂಗೆ ಬೆಳಗಿನ ಪಾಳಿ." "ಸರಿ." ಅತ್ತಿಗೆಯ ಹೆಸರನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಏನು ಮಾಡಬೇಕೆಂದು ತೋಚದವಳಿಗೆ ಆ ಹಾಳೆ ಒಳ್ಳೆಯದೇ ಮಾಡಿತು. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಅದು. ಮೂರನೆಯ ಸಾಲು, ಕೆಲಸಕ್ಕೆ ಇಬ್ಬರು. ಹುಡುಕಿದಳು. ಮೊದಲು ಸಿಕ್ಕಿದವಳು ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹದಿನಾರು ವರ್ಷ ಹೊಲಿದು ಬಿಟ್ಟುಬಂದಿದ್ದ ಟೈಲರಮ್ಮ. ಎರಡನೆಯವನು ಸೈಕಲ್ ಅಂಗಡಿ ಮುಚ್ಚಿ ಮನೆಯಲ್ಲಿ ಸುಮ್ಮನೆ ಕೂತಿದ್ದ, ಎಲ್ಲರೂ ಸೈಕಲ್ ಮಾಮ ಎಂದು ಕರೆಯುತ್ತಿದ್ದ ಹಿರಿಯ. ಟೈಲರಮ್ಮ ಸೀಟಿನ ಬಟ್ಟೆ, ರೆಕ್ಸಿನ್ ಹೊಲಿಯುತ್ತಿದ್ದಳು. ಮಾಮ ಚಕ್ರ ಮತ್ತು ಕಾಲು ನೋಡಿಕೊಳ್ಳುತ್ತಿದ್ದ. ಕುರ್ಚಿಯನ್ನು ಏರಿಸಿ ಇಳಿಸುವ ಗ್ಯಾಸಿನ ಕೊಳವೆಯನ್ನು ಮಾತ್ರ ಅವಳು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮೂರನೆಯ ಸಾಲಿಗೆ ಗುರುತು ಹಾಕಿದಳು. ಏಳು ತಿಂಗಳಿಗೆ ಹಳೆಯದೊಂದು ಸಾಮಾನಿನ ಗಾಡಿ ಬಂತು. ನಾಲ್ಕನೆಯದಕ್ಕೂ ಹಾಕಿದಳು.

ಐದನೆಯದಕ್ಕೆ ಬಹಳ ದಿನ ಹಿಡಿಯಿತು. ಹನ್ನೆರಡರಿಂದ ಹದಿನೆಂಟಕ್ಕೆ, ಅಲ್ಲಿಂದ ಇಪ್ಪತ್ತಮೂರಕ್ಕೆ. ಮಧ್ಯಾಹ್ನದ ಊಟದ ಹೊತ್ತು ಅರ್ಧಕ್ಕಿಳಿಯಿತು. ಟೈಲರಮ್ಮನ ಮಣಿಕಟ್ಟು ಊದಿಕೊಂಡಿತು. ಒಂದು ಬುಧವಾರ ಸಂಜೆ ಆರೂಕಾಲಕ್ಕೆ ಸೈಕಲ್ ಮಾಮ ಮೂವತ್ತನೆಯ ಕುರ್ಚಿಯನ್ನು ತಳ್ಳಿಕೊಂಡು ಬಂದು ಸಾಲಿನ ಕೊನೆಗೆ ನಿಲ್ಲಿಸಿದ.

"ಆಯ್ತಲ್ಲಮ್ಮ" ಅಂದ.

"ಆಯ್ತು ಮಾಮ."

ಅವಳು ಮಾರ್ಕರ್ ತೆಗೆದುಕೊಂಡು ಐದನೆಯ ಸಾಲಿನ ಎದುರು ಗುರುತು ಹಾಕಿದಳು. ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಏನಾದರೂ ಹೇಳುತ್ತಾಳೆ, ಒಂದು ಟೀ ಆದರೂ ತರಿಸುತ್ತಾಳೆ ಎಂದುಕೊಂಡಿದ್ದರೇನೋ. ಅವಳು ಮಾರ್ಕರಿನ ಮುಚ್ಚಳ ಹಾಕಿ, ಲೈಟು ಆರಿಸಿದಳು. ಹಾಳೆಯಲ್ಲಿ ಐದನೆಯ ಸಾಲಿನ ಕೆಳಗೆ ಬರೀ ಬಿಳಿ.

ಮರುದಿನವೂ ಮೂವತ್ತು ಮಾಡಿದರು. ಅದರ ಮರುದಿನವೂ. ಯಾಕೆಂದು ಯಾರೂ ಕೇಳಲಿಲ್ಲ. ಮೂರು ವಾರಕ್ಕೆ ಕುರ್ಚಿಗಳು ವಾಪಸ್ಸು ಬರತೊಡಗಿದವು. ಒಂದರ ಸೀಟಿನ ಪಿನ್ನು ಎದ್ದು ಯಾರದೋ ಪ್ಯಾಂಟು ಹರಿದಿತ್ತು. ಇನ್ನೊಂದರ ಚಕ್ರ ಎರಡೇ ದಿನಕ್ಕೆ ಕಳಚಿತ್ತು. ಒಂದು ಕಣ್ಣಿನ ಆಸ್ಪತ್ರೆಯ ಹಿರಿಯ ಗುಮಾಸ್ತರು ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದಾಗಲೇ ಕುರ್ಚಿ ಮೆಲ್ಲಗೆ ಕೆಳಗಿಳಿದು, ಅವರ ಗದರಿಕೆ ಮೇಜಿನ ಕೆಳಗಿನಿಂದ ಕೇಳಿಸಿತಂತೆ. ಹೇಳಿದ ನರ್ಸು ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತಿಗೆಯಾಗಿದ್ದರೆ ಇದನ್ನು ಒಂದು ತಿಂಗಳು ಹೇಳಿಕೊಂಡು ತಿರುಗುತ್ತಿದ್ದಳು. ಅವಳು "ಕ್ಷಮಿಸಿ, ನಾಳೆ ಸರಿ ಮಾಡಿಕೊಡ್ತೀನಿ" ಅಂದು ಕುರ್ಚಿಯನ್ನು ಗಾಡಿಗೆ ಹಾಕಿದಳು. ಆ ತಿಂಗಳು ವಾಪಸ್ಸು ಬಂದವು ಇಪ್ಪತ್ತಾರು.

ಅದೇ ಹೊತ್ತಿಗೆ ನೋಂದಣಿ ಕಚೇರಿಯಿಂದ ಒಂದು ಕಾಗದ ಬಂತು. ಮೂವತ್ತೈದು ವರ್ಷದೊಳಗಿನ ಹೊಸ ಉದ್ಯಮಿಗಳಿಗೆ ತರಗತಿ, ಆರು ಶನಿವಾರ, ಗ್ರಂಥಾಲಯದ ಮಹಡಿಯಲ್ಲಿ. ಅವಳು ಕಾಗದವನ್ನು ಫೋಮಿನ ತುಂಡುಗಳ ಮೇಲೆ ಹಾಕಿದ್ದಳು. ಟೈಲರಮ್ಮ ಎತ್ತಿ ಓದಿದಳು.

"ಹೋಗಿ ಬಾಮ್ಮ. ಆರು ಶನಿವಾರ ನನ್ನ ಕೈಗೂ ಸ್ವಲ್ಪ ಬಿಡುವು ಸಿಗುತ್ತೆ" ಅಂದಳು. ತಮಾಷೆಗೆ ಅಂದದ್ದಲ್ಲ.

ತರಗತಿಯಲ್ಲಿ ಹದಿನಾಲ್ಕು ಜನ. ಅಣಬೆ ಬೆಳೆಯುವವನು, ಮೇಣದಬತ್ತಿ ಮಾಡುವ ಅಕ್ಕ ತಂಗಿಯರು, ಫೋನ್ ರಿಪೇರಿಯವನು, ಹೀಗೆ. ಕಲಿಸುತ್ತಿದ್ದ ಮೇಡಂ ಇಪ್ಪತ್ತು ವರ್ಷ ಬೇಕರಿ ನಡೆಸಿದವರು. ಎರಡೂ ಮುಂಗೈಗಳ ಮೇಲೆ ಓವನ್ನಿನ ಹಳೆಯ ಸುಟ್ಟ ಗೆರೆಗಳಿದ್ದವು. ಗುರಿ ಎನ್ನುವ ಮಾತನ್ನು ಅವರು ಬಹಳ ಸಲೀಸಾಗಿ, ಹಿಟ್ಟು ಸಕ್ಕರೆ ಎನ್ನುವ ಹಾಗೆ ಹೇಳುತ್ತಿದ್ದರು. ಏನು ಮಾಡ್ತೀರಿ, ಯಾವತ್ತಿನೊಳಗೆ ಮಾಡ್ತೀರಿ, ಆಯ್ತು ಅಂತ ಹೇಗೆ ಗೊತ್ತಾಗುತ್ತೆ, ನಿಮ್ಮ ಕೈಯಲ್ಲಿ ಆಗುತ್ತಾ? ಇಷ್ಟಕ್ಕೆ ಉತ್ತರ ಇಲ್ಲದಿದ್ರೆ ಅದು ಗುರಿಯಲ್ಲ, ಆಸೆ. ಆಸೆ ಇರ್ಲಿ, ತಪ್ಪಿಲ್ಲ, ಆದ್ರೆ ಅದಕ್ಕೆ ದಿನಾಂಕ ಹಾಕ್ಬೇಡಿ.

ಎಲ್ಲರೂ ಬರೆದರು. ಅಣಬೆಯವನು ಎರಡು ಪುಟ ತುಂಬಿಸಿ ಇನ್ನೊಂದು ಹಾಳೆ ಕೇಳಿದ. ಅವಳ ಹಾಳೆ ಎರಡು ಶನಿವಾರ ಖಾಲಿಯೇ ಇತ್ತು. ಏನು ಬೇಕು ಎಂದು ತನ್ನನ್ನು ತಾನೇ ಕೇಳಿಕೊಂಡಳು. ಒಳಗಿನಿಂದ ಯಾರೂ ಓಗೊಡಲಿಲ್ಲ. ಮೂರನೆಯ ಶನಿವಾರ, ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು, 'ದಿನಕ್ಕೆ ಮೂವತ್ತೈದು ಕುರ್ಚಿ' ಎಂದು ಬರೆದುಕೊಟ್ಟಳು.

ತರಗತಿ ಮುಗಿದ ಮೇಲೆ ಮೇಡಂ ಅವಳನ್ನು ಕರೆದರು.

"ಮೂವತ್ತೈದು ಯಾಕೆ?"

"ಮೂವತ್ತು ಆಯ್ತು ಮೇಡಂ. ಅದಕ್ಕೆ."

"ಮೂವತ್ತು ಯಾಕೆ?"

"ಗೋಡೆ ಮೇಲಿತ್ತು. ಅತ್ತಿಗೆ ಬರೆದಿದ್ದು."

"ಅವರು ಹೇಗೆ ಲೆಕ್ಕ ಹಾಕಿದ್ರು? ಕೇಳಿ ನೋಡಿ."

"ಅವರಿಲ್ಲ ಮೇಡಂ. ತೀರಿಕೊಂಡು ಒಂದು ವರ್ಷದ ಮೇಲಾಯ್ತು."

ಮೇಡಂ ಅಯ್ಯೋ ಅನ್ನಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದರು.

"ಆ ಲೆಕ್ಕ ಗೊತ್ತಿರೋರು ಬೇರೆ ಯಾರಾದ್ರೂ ಇದ್ದಾರಾ? ಇದ್ರೆ ಅವರನ್ನ ಕೇಳಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಅಂಕಿ ಹಿಂದೆ ಓಡಬಾರದು. ಒಂದು ಸಲ ನಾನೂ ಓಡಿದೀನಿ, ಅದಕ್ಕೆ ಹೇಳ್ತಿರೋದು."

ಭಾನುವಾರ ಬೆಳಿಗ್ಗೆ ಅಣ್ಣ ಬಾಗಿಲ ಬಳಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಅವಳು ಟೀ ಲೋಟವನ್ನು ಅವನ ಪಕ್ಕಕ್ಕಿಟ್ಟಳು. ಇಟ್ಟು ಒಳಗೆ ಹೋಗುವುದು ರೂಢಿ. ಅವತ್ತು ನಿಂತಳು.

"ಅಣ್ಣ, ದಿನಕ್ಕೆ ಮೂವತ್ತು ಕುರ್ಚಿ ಅಂತ ಅತ್ತಿಗೆ ಹೇಗೆ ಲೆಕ್ಕ ಹಾಕಿದ್ರು?"

ಬ್ರಷ್ ನಿಂತಿತು. ಹದಿನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ಅತ್ತಿಗೆ ಎನ್ನುವ ಮಾತು ಮೊದಲ ಸಲ ಕೇಳಿಸಿತ್ತು.

"ಲೆಕ್ಕಾನಾ?" ಅಂದ ಅಣ್ಣ, ಬೂಟನ್ನು ನೋಡುತ್ತಲೇ. "ಯಾವ ಲೆಕ್ಕ? ನೋಂದಣಿ ಮಾಡ್ಸೋಕೆ ಹೋಗಿದ್ವಲ್ಲ ಅವತ್ತು, ಆ ಫಾರಂ ತುಂಬ್ತಾ ಇದ್ಲು. ಹಿಂದೆ ಉದ್ದ ಸಾಲು. ಕಿಟಕಿಯವನು ಬೇಗ ಬೇಗ ಅಂತ ಬಡ್ಕೋತಿದ್ದ. ದಿನಕ್ಕೆ ಎಷ್ಟು ಮಾಡ್ತೀರಿ ಅಂತ ಒಂದು ಕಾಲಂ ಇತ್ತು. ಅದರ ಮೇಲಿನ ಕಾಲಮ್ಮಲ್ಲಿ ವಯಸ್ಸು. ಮೂವತ್ತು ಅಂತ ಬರೆದಿದ್ಲು. ಕೆಳಗೂ ಅದನ್ನೇ ಬರೆದ್ಲು."

"ಸುಳ್ಳು ಹೇಳ್ಬೇಡ."

"ಯಾಕೆ ಸುಳ್ಳು ಹೇಳ್ಲಿ? ನಾನು ಕೇಳ್ದೆ, ಇದೇನೇ ಅಂತ. 'ಸುಮ್ನಿರಿ, ಮುಂದಿನ ವರ್ಷ ಬಂದ್ರೆ ಮೂವತ್ತೊಂದು ಅಂತ ಬರೀತೀನಿ' ಅಂದ್ಲು."

ಅಣ್ಣನ ಗಂಟಲಿನಿಂದ ಒಂದು ಶಬ್ದ ಬಂತು. ನಗುವೋ ಕೆಮ್ಮೋ ಅವಳಿಗೆ ತಿಳಿಯಲಿಲ್ಲ. ಅವನು ಇನ್ನೊಂದು ಬೂಟು ಎತ್ತಿಕೊಂಡು, ಆಗಲೇ ಹೊಳೆಯುತ್ತಿದ್ದುದನ್ನೇ ಮತ್ತೆ ಉಜ್ಜತೊಡಗಿದ.

ಅವಳ ಕಿವಿ ಬಿಸಿಯಾಯಿತು. ಮೊದಲು ಅದೇನೆಂದು ಅವಳಿಗೆ ಗೊತ್ತಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಟೈರ್ ಅಂಗಡಿ ಭಾನುವಾರ ಮುಚ್ಚಿತ್ತು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಶೆಡ್ಡಿನ ಬಾಗಿಲು ತೆಗೆದು ಹಾಳೆಯ ಎದುರು ನಿಂತಾಗ ಗೊತ್ತಾಯಿತು, ಅದು ಸಿಟ್ಟು. ಟೈಲರಮ್ಮನ ಊದಿದ ಮಣಿಕಟ್ಟು, ಮಾಮ ಸೊಂಟ ಹಿಡಿದುಕೊಂಡು ಏಳುವ ರೀತಿ, ಮೇಜಿನ ಕೆಳಗೆ ಇಳಿದುಹೋದ ಗುಮಾಸ್ತರು, ಒಂದು ವರ್ಷದ ಅಷ್ಟೂ ಸಂಜೆಗಳು.

"ನಿಮ್ಮ ವಯಸ್ಸಾ ಅತ್ತಿಗೆ?" ಎಂದು ಜೋರಾಗಿಯೇ ಕೇಳಿದಳು. "ನಿಮ್ಮ ವಯಸ್ಸಿನಷ್ಟು ಕುರ್ಚಿ ಮಾಡ್ತಾ ಇದ್ನಾ ನಾನು?"

ತಗಡಿನ ಗೋಡೆಗೆ ಬಡಿದ ತನ್ನದೇ ದನಿ ಅವಳಿಗೆ ವಿಚಿತ್ರವಾಗಿ ಕೇಳಿಸಿತು. ಕಣ್ಣಲ್ಲಿ ನೀರು ಬಂತು, ಹೆಚ್ಚಲ್ಲ, ಮೂಗು ಒರೆಸಿಕೊಂಡರೆ ಮುಗಿಯುವಷ್ಟು. ಆಮೇಲೆ ಮತ್ತೆ ಮೊದಲಿನಂತೆಯೇ ಆಯಿತು. ಸಿಟ್ಟು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. ಅವಳು ಒಂದು ಕುರ್ಚಿಯನ್ನು ಎಳೆದುಕೊಂಡು, ಫೋನಿನಲ್ಲಿ ಗಂಟೆ ನೋಡಿ, ಬಿಚ್ಚತೊಡಗಿದಳು. ಹಳೆಯ ಫೋಮ್ ಕಿತ್ತು, ಹೊಸದನ್ನು ಕತ್ತರಿಸಿ ಅಂಟಿಸಿ, ಅಂಟು ಒಣಗುವವರೆಗೆ ಕಾದು, ಪಿನ್ನುಗಳನ್ನು ಒತ್ತೊತ್ತಾಗಿ ಹೊಡೆದು, ಪ್ರತಿ ನಟ್ಟನ್ನೂ ಎರಡು ಸಲ ಬಿಗಿದು ಮುಗಿಸಿದಾಗ ಒಂದು ಗಂಟೆ ಇಪ್ಪತ್ತೆರಡು ನಿಮಿಷವಾಗಿತ್ತು. ದಿನಾ ಅದೇ ಕೆಲಸವನ್ನು ಅವರು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದರು. ಅಂಟು ಒಣಗಲು ಬಿಡುತ್ತಿರಲಿಲ್ಲ.

ಸೋಮವಾರ ಇಬ್ಬರಿಗೂ ಹೇಳಿದಳು, ಈ ವಾರ ಎಷ್ಟಾಗುತ್ತೋ ಅಷ್ಟೇ ಮಾಡಿ, ಆದ್ರೆ ಪ್ರತಿಯೊಂದಕ್ಕೂ ಎಷ್ಟು ಹೊತ್ತು ಹಿಡೀತು ಅಂತ ನನಗೆ ಬೇಕು.

ಸೈಕಲ್ ಮಾಮ ಮುಖ ಗಂಟು ಹಾಕಿದ. "ನಮ್ಮ ತಲೆ ಮೇಲೆ ಗಡಿಯಾರ ಇಡ್ತಾ ಇದೀಯೇನಮ್ಮ?"

"ನಿಮ್ಮ ಮೇಲಲ್ಲ ಮಾಮ, ಕುರ್ಚಿ ಮೇಲೆ. ನಿಮ್ಮನೆಗೇ ಮಾಡ್ಕೋತಾ ಇದ್ರೆ ಹೇಗೆ ಮಾಡ್ತೀರೋ ಹಾಗೆ ಮಾಡಿ."

"ನಮ್ಮನೆಗಾದ್ರೆ ನಾಳೆ ಮಾಡೋಣ ಅಂತ ಮೂಲೆಗೆ ತಳ್ತೀನಿ" ಅಂದ ಮಾಮ. ಟೈಲರಮ್ಮ ನಕ್ಕಳು. ಆ ಶೆಡ್ಡಿನಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೆಂದರೆ ಮೂವರೂ ಒಂದು ಕ್ಷಣ ಕೈ ನಿಲ್ಲಿಸಿದರು.

ವಾರದ ಕೊನೆಗೆ ಅವಳು ಎಲ್ಲವನ್ನೂ ಕೂಡಿ ನೋಡಿದಳು. ಪೂರ್ತಿ ರಿಪೇರಿಯದು, ಬರೀ ಚಕ್ರದ್ದು, ಬರೀ ಬಟ್ಟೆಯದು ಎಲ್ಲ ಸೇರಿ ಮೂರು ಜನ ನೆಟ್ಟಗೆ ಕೆಲಸ ಮಾಡಿ ಆರು ಗಂಟೆಗೆ ಮನೆಗೆ ಹೋದರೆ ದಿನಕ್ಕೆ ಹದಿನೇಳು. ಹದಿನೆಂಟು ಎಂದು ದುಂಡಗೆ ಮಾಡೋಣವೆನಿಸಿತು. ಮಾಡಲಿಲ್ಲ.

ಆಮೇಲೆ ಮಾಡಬೇಕಾಗಿದ್ದದ್ದು ಅವಳಿಗೆ ಕಷ್ಟದ ಕೆಲಸ, ಯಾಕೆಂದರೆ ಅದು ಬಾಯಿಯದು. ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಇನ್ನು ಮುಂದೆ ಐದು ದಿನ ತಡವಾಗುತ್ತದೆ, ವಾಪಸ್ಸು ಮಾತ್ರ ಬರುವುದಿಲ್ಲ ಎಂದು ಹೇಳಬೇಕಾಗಿತ್ತು. ಒಂದು ಕಾಗದದ ಮೇಲೆ ಬರೆದುಕೊಂಡು ಓದಿದಳು. ಶಾಲೆಯವರು ಆಗಲಿ ಅಂದರು. ಕಣ್ಣಿನ ಆಸ್ಪತ್ರೆಯ ಗುಮಾಸ್ತರು, "ಐದು ದಿನ ಅಲ್ಲ, ಹತ್ತು ದಿನ ತಗೊಳ್ಳಮ್ಮ, ನನ್ನನ್ನ ನೆಲಕ್ಕೆ ಮಾತ್ರ ಇಳಿಸ್ಬೇಡ" ಅಂದರು. ಇನ್ನೂರು ಕುರ್ಚಿ ಕೊಡಬೇಕೆಂದಿದ್ದ ಒಂದು ಟ್ಯೂಷನ್ ಸಂಸ್ಥೆಯವರು ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಫೋನಿಟ್ಟರು. ಅದು ದೊಡ್ಡ ಕೆಲಸ. ಕೈತಪ್ಪಿದ್ದಕ್ಕೆ ಬೇಸರವಾಗಬೇಕಿತ್ತು. ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಮುಂದಿನ ನಂಬರಿಗೆ ಫೋನು ಮಾಡಿದಳು.

ಆರನೆಯ ಶನಿವಾರ ಎಲ್ಲರೂ ಎದ್ದು ನಿಂತು ತಮ್ಮ ತಮ್ಮ ಗುರಿ ಓದಬೇಕಿತ್ತು. ಅಣಬೆಯವನು ಮೂರು ಊರು, ಆರು ಕೇಂದ್ರ ಎಂದು ಓದಿ ಚಪ್ಪಾಳೆ ಗಿಟ್ಟಿಸಿದ. ಅವಳ ಸರದಿ ಬಂದಾಗ ಅವಳು ಎದ್ದು, "ಇನ್ನು ಆರು ತಿಂಗಳು ದಿನಕ್ಕೆ ಹದಿನೇಳೇ ಕುರ್ಚಿ. ವಾಪಸ್ಸು ಬರೋದು ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಇರಬಾರದು. ಆರು ಗಂಟೆಗೆ ಬಾಗಿಲು ಹಾಕೋದು" ಎಂದು ಓದಿ ಕೂತಳು.

"ಐದು ವರ್ಷದ್ದು?" ಅಂದರು ಮೇಡಂ.

"ಐದು ವರ್ಷ ನನಗೆ ಕಾಣಿಸ್ತಾ ಇಲ್ಲ ಮೇಡಂ. ಆರು ತಿಂಗಳು ಕಾಣಿಸುತ್ತೆ."

ಯಾರೋ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಮೇಡಂ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡು, "ಸರಿ, ಆರು ತಿಂಗಳು ಬಿಟ್ಟು ಬಂದು ಹೇಳಿ" ಅಂದರು.

ಆರು ತಿಂಗಳು ಅಂದುಕೊಂಡಷ್ಟು ನೇರವಾಗಿ ಸಾಗಲಿಲ್ಲ. ಮೊದಲ ತಿಂಗಳು ಏಳು ಕುರ್ಚಿ ವಾಪಸ್ಸು ಬಂದವು, ಎರಡನೆಯ ತಿಂಗಳು ಮೂರು, ಮೂರನೆಯದರಲ್ಲಿ ಒಂದು. ನಾಲ್ಕನೆಯ ತಿಂಗಳು ಫೋಮಿನವನು ಕೊಟ್ಟ ಮಾಲೇ ಕೆಟ್ಟದಿದ್ದು ಒಂಬತ್ತು ಬಂದವು. ಅವಳು ಆ ಒಂಬತ್ತನ್ನೂ ಗಾಡಿಯಲ್ಲಿ ಹಾಕಿಕೊಂಡು ಹೋಗಿ ಫೋಮಿನವನ ಅಂಗಡಿಯ ಮುಂದೆ ಸಾಲಾಗಿ ಇಳಿಸಿ, ಒಂದರ ಮೇಲೆ ತಾನು ಕೂತಳು. ಜಗಳ ಆಡಲಿಲ್ಲ. ಬಂದ ಗಿರಾಕಿಗಳೆಲ್ಲ ಏನು ಎತ್ತ ಎಂದು ಕೇಳತೊಡಗಿದಾಗ ಅವನೇ ಹೊಸ ಮಾಲು ಕಟ್ಟಿಸಿಕೊಟ್ಟ. ಐದನೆಯ ತಿಂಗಳು ಎರಡು. ಆರನೆಯ ತಿಂಗಳು ಟೈಲರಮ್ಮ ಹೇಳಿದಳು, ಕೈ ಈಗ ರಾತ್ರಿ ನೋಯುವುದಿಲ್ಲ ಎಂದು.

ಮೇಡಂಗೆ ಹೋಗಿ ಹೇಳಿದಳು. ಅವರು ಕೇಳಿಸಿಕೊಂಡು, "ನಿಮಗೆ ಹೇಗನ್ನಿಸ್ತಿದೆ?" ಅಂದರು. ಅವಳು ಯೋಚಿಸಿದಳು. ಖುಷಿ ಎನ್ನುವಂಥದ್ದೇನೂ ಇರಲಿಲ್ಲ. "ಗೊತ್ತಿಲ್ಲ ಮೇಡಂ. ಆದ್ರೆ ಬೆಳಿಗ್ಗೆ ಎದ್ರೆ ಅವತ್ತು ಏನು ಮಾಡ್ಬೇಕು ಅಂತ ಗೊತ್ತಿರುತ್ತೆ" ಅಂದಳು. ಮುಂದಿನ ಆರು ತಿಂಗಳಿಗೆ ಏನು ಎಂದು ಅವರು ಕೇಳಿದಾಗ ಇನ್ನೂ ಬರೆದಿಲ್ಲ ಅಂದಳು. ಗ್ಯಾಸಿನ ಕೊಳವೆಯ ಕೆಲಸವನ್ನು ಮಾಮನಿಗೆ ಕಲಿಸಬೇಕು ಎಂದುಕೊಂಡಿದ್ದಳು, ಅದನ್ನು ಗುರಿ ಅನ್ನಬಹುದೋ ಇಲ್ಲವೋ ತಿಳಿಯದೆ ಹೇಳಲಿಲ್ಲ.

ಅದಾಗಿ ಒಂದೆರಡು ವಾರಕ್ಕೆ, ಒಂದು ಗುರುವಾರ, ಅಣ್ಣ ಶೆಡ್ಡಿಗೆ ಬಂದ. ಅವನಿಗೆ ಅವತ್ತು ರಜೆ. ಶೆಡ್ಡು ಬಾಡಿಗೆಗೆ ಹಿಡಿದ ದಿನ ಒಮ್ಮೆ ಬಂದವನು ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಗೋಡೆಯ ಮೇಲಿನ ಹಾಳೆಯನ್ನು ಓದಿದ, ಅಥವಾ ಓದುವಷ್ಟು ಹೊತ್ತು ಅದರ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ.

"ಮನೇಲಿ ಸುಮ್ನೆ ಕೂತಿದ್ದೆ. ಏನಾದ್ರೂ ಕೆಲಸ ಇದೆಯಾ?"

"ಆ ಮೂಲೇಲಿರೋ ಕಾಲುಗಳಿಂದ ಹಳೇ ಚಕ್ರ ಕೀಳ್ಬೇಕು. ಮಾಮ ತೋರಿಸ್ತಾರೆ."

ಅಣ್ಣ ಅಂಗಿಯ ತೋಳು ಮಡಚಿಕೊಂಡು ನೆಲದ ಮೇಲೆ ಕೂತ. ಕೀಳುವುದು ಅಷ್ಟು ಸುಲಭವಲ್ಲ, ತಿರುಗಿಸದೆ ನೇರ ಎಳೆಯಬೇಕು. ಮೊದಲ ಚಕ್ರ ಕಿತ್ತಾಗ ಹಿಂದಕ್ಕೆ ವಾಲಿಬಿದ್ದ. ಮಾಮ ಹೇಗೆ ಹಿಡಿಯಬೇಕೆಂದು ಇನ್ನೊಮ್ಮೆ ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಅವನ ಪಕ್ಕದಲ್ಲಿ ನಲವತ್ತು ಚಕ್ರಗಳ ಸಣ್ಣ ರಾಶಿ ಬಿದ್ದಿತ್ತು, ಅಂಗೈ ಕಪ್ಪಾಗಿತ್ತು. ಟೈಲರಮ್ಮ ಟೀ ಸುರಿದು ನಾಲ್ಕನೆಯ ಲೋಟ ಹುಡುಕಿದಳು. ಲೋಟ ಇರಲಿಲ್ಲ. ತಂಗಿ ತನ್ನ ಲೋಟದಲ್ಲಿ ಅರ್ಧ ಕುಡಿದು ಉಳಿದದ್ದನ್ನು ಅಣ್ಣನಿಗೆ ಕೊಟ್ಟಳು.